ನಾನೇ ರೈಟ್ ಮಾಡಿದ ಮದುವೆ ಡಿವಿಡಿ

ಮದುವೆಯ ವಿಡಿಯೋವನ್ನು ಕೊನೆಯವರೆಗೆ ನೋಡಿದ ಮೇಲೂ ಮನುಷ್ಯಕುಲದ ಮೇಲೆ ಗೌರವ ಉಳಿಸಿಕೊಂಡವರನ್ನು ನಾನು ಕಂಡಿಲ್ಲ. ನಮ್ಮ ಹೊಸಪೇಟೆಯಲ್ಲಿ ಅದಿರಿನ ದುಡ್ಡು ಹರಿಯತೊಡಗಿದ ಆ ವರ್ಷಗಳಲ್ಲಿ ಮದುವೆಗಳು ಉದ್ದವಾದವು, ವಿಡಿಯೋಗಳು ಅದಕ್ಕಿಂತ ಉದ್ದವಾದವು. ಸಾಲದ್ದಕ್ಕೆ ವಿಡಿಯೋದವರು 'ಮಿಕ್ಸಿಂಗ್' ಎಂಬ ಸಂಸ್ಕಾರವೊಂದನ್ನು ಬೇರೆ ಶುರುಮಾಡಿದ್ದರು. ಮದುಮಗಳು ಗುಲಾಬಿ ಹೂವಿನೊಳಗಿಂದ ಎದ್ದು ಬರುವುದು, ಮದುಮಗ ಹೃದಯದ ಆಕಾರದ ಕಿಂಡಿಯಿಂದ ಇಣುಕುವುದು, ಆಮೇಲೆ ಇಬ್ಬರೂ ತಾವು ಎಂದೂ ಕಾಣದ ಹಿಮದ ಬೆಟ್ಟದ ಮೇಲೆ ತೇಲುವುದು. ಒಂದು ವಿಡಿಯೋದಲ್ಲಂತೂ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನ ಸುತ್ತ ಎರಡು ಹಂಸಗಳು ಈಜುತ್ತಿದ್ದವು.

ಇದನ್ನೆಲ್ಲ ಸಹಿಸುವ ಸ್ವಭಾವ ನನ್ನದಲ್ಲ. ಅದಿರಿನ ಸ್ಯಾಂಪಲ್ ಪರೀಕ್ಷೆ ಮಾಡುವ ಖಾಸಗಿ ಲ್ಯಾಬೊಂದರಲ್ಲಿ ನಾನು ಕೆಮಿಸ್ಟ್. ಬೆಟ್ಟವನ್ನೇ ತಂದು ಮುಂದೆ ಸುರಿದರೂ ಇದರಲ್ಲಿ ಮಣ್ಣೆಷ್ಟು ಎಂದು ಹೇಳುವುದು ನನ್ನ ಉದ್ಯೋಗ. ವರ್ಷಗಟ್ಟಲೆ ಇದನ್ನೇ ಮಾಡಿದವನಿಗೆ ಯಾರನ್ನು ಕಂಡರೂ ಮೊದಲು ಮಣ್ಣೇ ಕಾಣಿಸುತ್ತದೆ.

ಹಾಗಾಗಿ ನನ್ನ ಹೆಂಡತಿ ಗಿರಿಜಾಳ ತಮ್ಮ ಬಸವರಾಜನ ಮದುವೆ ಸಂಡೂರಿನಲ್ಲಿ ಆದಾಗ, ವಿಡಿಯೋದವನಿಂದ ಮಿಕ್ಸಿಂಗ್ ಮಾಡದ ಹಸಿ ವಿಡಿಯೋವನ್ನು ಹಾಗೇ ನನ್ನ ಕಂಪ್ಯೂಟರಿಗೆ ಹಾಕಿಸಿಕೊಂಡೆ.

"ಮಿಕ್ಸಿಂಗ್ ನಾನು ಮಾಡ್ತೀನಿ. ಡಿವಿಡಿನೂ ನಾನೇ ರೈಟ್ ಮಾಡಿ ಎಲ್ಲರಿಗೂ ಕೊಡ್ತೀನಿ," ಎಂದು ಬೀಗರೆಲ್ಲರ ಮುಂದೆ ಘೋಷಿಸಿದೆ.

ಗಿರಿಜಾ ನನ್ನನ್ನು ಪಕ್ಕಕ್ಕೆ ಕರೆದಳು. "ರೀ, ನಿಮಗ ಅದು ಬರ್ತತೇನ್ರಿ?"

"ಬರೋದೇನು ಅದರಾಗ? ಹಂಸ ಬಿಡೋ ಆ ಹುಡುಗ್ರಿಗೇ ಬರ್ತದಂದ್ರ ನನಗ ಬರೂದಿಲ್ಲೇನು?"

ಅವಳು ಸುಮ್ಮನಾದಳು. ಕಾಲೇಜಿನ ಲೈಬ್ರರಿ ನೋಡಿಕೊಳ್ಳುವವಳು ಅವಳು. ಮಾತಾಡಬಾರದು ಎಂಬ ಬೋರ್ಡಿನ ಕೆಳಗೇ ದಿನವೆಲ್ಲ ಕೂತು ಅಭ್ಯಾಸ.

ಈ ಡಿವಿಡಿಗಾಗಿ ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವಳು ಕಂಪ್ಲಿಯಲ್ಲಿದ್ದ ಗಿರಿಜಾಳ ಅಜ್ಜಿ. ಬಸವರಾಜನನ್ನು ಎತ್ತಿ ಆಡಿಸಿ, ಉಣಿಸಿ, ಬೈದು ಬೆಳೆಸಿದವಳು ಆಕೆ. ಮದುವೆಗೆ ಕೆಲವೇ ದಿನ ಇರುವಾಗ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮನೆಯವರೆಲ್ಲ ಮದುವೆಗೆ ಹೊರಟಾಗ ಆಕೆ ಮಂಚದ ಮೇಲೆ ಮಲಗಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದಳಂತೆ. ನಾನು ಡಿವಿಡಿ ಮಾಡುತ್ತೇನೆಂದು ಹೇಳಿದ ಮೇಲೆ ಆಕೆಯ ಮಂಚವನ್ನು ಟಿವಿಯ ಎದುರಿಗೆ ಸರಿಸಿದರು. ಆಮೇಲೆ ನಮ್ಮ ಮನೆಯ ಫೋನು ದಿನಾ ಬಡಿದುಕೊಳ್ಳತೊಡಗಿತು.

"ಅಳ್ಯಾರ, ಆರಾಮ ಇದ್ದೀರೇನ್ರಿ? ಮದಿವಿ ಬಂತೇನ್ರಿ?"

"ಬರ್ತೈತಿ ಅಜ್ಜಿ. ಮಿಕ್ಸಿಂಗ್ ಮುಗೀತು. ಇನ್ನ ಬರೇ ರೈಟ್ ಮಾಡೋದು ಅಷ್ಟ."

ಬರೇ. ಆ ಪದದ ಮೇಲೆ ಈಗಲೂ ನನಗೆ ಸಿಟ್ಟಿದೆ.

ಲ್ಯಾಬಿನವರು ಹೊಸದು ಕೊಂಡಾಗ ಹಳೆಯದನ್ನು ನಾನು ಮನೆಗೆ ತಂದಿದ್ದೆ. ಅದೇ ನನ್ನ ಕಂಪ್ಯೂಟರು. ಅದಕ್ಕೆ ಡಿವಿಡಿ ಓದಲು ಬರುತ್ತಿತ್ತೇ ಹೊರತು ಬರೆಯಲು ಬರುತ್ತಿರಲಿಲ್ಲ. ಹೊರಗಿನಿಂದ ಒಂದು ವೈರಿನಲ್ಲಿ ಜೋಡಿಸುವ ರೈಟರು ಸಿಗುತ್ತದೆಂದು ಕೇಳಿ, ಸ್ಟೇಷನ್ ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೋದೆ. ಮಾಲೀಕ ಮಂಜಣ್ಣ ಮೊದಲು ಪಂಪ್‌ಸೆಟ್ ಮಾರುತ್ತಿದ್ದವನು. ಊರಿಗೆ ದುಡ್ಡು ಬಂದಾಗ ಕಂಪ್ಯೂಟರಿಗೆ ಬಡ್ತಿ ಪಡೆದಿದ್ದ. ಎರಡು ಕೈಯಲ್ಲಿ ಮೂರು ಮೊಬೈಲು ಹಿಡಿದುಕೊಂಡು ಕೂರುತ್ತಿದ್ದ.

"ಸರ್, ಇದು ಭಾಳ ಫಾಸ್ಟ್ ಐತ್ರಿ. ಬಟನ್ ಒತ್ತಿ, ಒಳಗ ಹೋಗಿ ಒಂದು ಚಾ ಕುಡಿದು ಬರ್ರಿ. ಡಿವಿಡಿ ಹೊರಗ ಬಂದು ಕುಂತಿರ್ತತಿ."

ಮನೆಗೆ ತಂದೆ. ಕಂಪ್ಯೂಟರಿನ ಯುಎಸ್‌ಬಿ ಪೋರ್ಟುಗಳು ಮುಂದೆಯೂ ಇದ್ದವು, ಹಿಂದೆಯೂ ಇದ್ದವು. ಹಿಂದಿನದಕ್ಕೆ ಜೋಡಿಸಬೇಕೆಂದರೆ ಮೇಜನ್ನು ಗೋಡೆಯಿಂದ ಎಳೆದು, ಅದರ ಕೆಳಗೆ ತೂರಿ, ಬಗ್ಗಬೇಕು. ಬಗ್ಗುವುದು ನನ್ನ ಹೊಟ್ಟೆಗೂ ಒಗ್ಗದು, ಸ್ವಭಾವಕ್ಕೂ ಒಗ್ಗದು. ಮುಂದಿನ ಪೋರ್ಟಿಗೇ ವೈರನ್ನು ಚುಚ್ಚಿದೆ. ತಕ್ಷಣ ಪರದೆಯ ಮೂಲೆಯಲ್ಲಿ ಹಳದಿ ಬಣ್ಣದ ಗುಳ್ಳೆಯೊಂದು ಎದ್ದು ಇಂಗ್ಲಿಷಿನಲ್ಲಿ ಏನೋ ಹೇಳಿತು. ಓದದೇ ಮುಚ್ಚಿದೆ. ಪರದೆಯ ಮೂಲೆಯಲ್ಲಿ ಏಳುವ ಗುಳ್ಳೆಗಳನ್ನು ಓದುವುದು ಕೆಲಸವಿಲ್ಲದವರ ಲಕ್ಷಣ ಎಂದು ನಾನು ತೀರ್ಮಾನಿಸಿ ಬಹಳ ಕಾಲವಾಗಿತ್ತು.

ಬಟನ್ ಒತ್ತಿ, ಚಹ ಕುಡಿದು ಬಂದೆ. ಪರದೆಯ ಮೇಲಿನ ಹಸಿರು ಪಟ್ಟಿ ಉಗುರಿನಷ್ಟು ಬೆಳೆದಿತ್ತು. ಊಟ ಮಾಡಿ ಬಂದೆ. ಇನ್ನೊಂದು ಉಗುರು. ಇನ್ನೆಷ್ಟು ಹೊತ್ತು ಬೇಕೆಂದು ತೋರಿಸುವ ಅಂಕಿ ಇಳಿಯುವ ಬದಲು ಏರುತ್ತಿತ್ತು. ಒಂದು ಯಂತ್ರ ಕೆಲಸ ಮಾಡಿದಷ್ಟೂ ಕೆಲಸ ಹೆಚ್ಚಾಗುವುದನ್ನು ನಾನು ಸರಕಾರಿ ಕಚೇರಿಗಳ ಹೊರಗೆ ನೋಡಿದ್ದು ಅದೇ ಮೊದಲು.

"ಆತೇನ್ರಿ?" ಗಿರಿಜಾ ಒಳಗಿನಿಂದ ಕೇಳಿದಳು.

"ಆಗಾಕ ಹತ್ತೈತಿ."

"ಊಟಕ್ಕಿಂತ ಮೊದ್ಲೂ ಇದ ಮಾತು ಹೇಳಿದ್ರಿ."

ಸಂಜೆಯ ಹೊತ್ತಿಗೆ ಕರೆಂಟು ಹೋಯಿತು. ಹೊಸಪೇಟೆಯಲ್ಲಿ ಅದು ಸಂಜೆಯಾಗುವಷ್ಟೇ ಸಹಜ. ಯುಪಿಎಸ್ ಸ್ವಲ್ಪ ಹೊತ್ತು ಕೀರಲು ದನಿಯಲ್ಲಿ ಕೂಗಿ ಪ್ರಾಣ ಬಿಟ್ಟಿತು. ಅರ್ಧ ಬರೆದ ಡಿವಿಡಿಯನ್ನು ಮತ್ತೆ ಬರೆಯಲು ಬರುವುದಿಲ್ಲ, ಅದು ಕಸ. ಮರುದಿನ ಇನ್ನೊಂದು ಹಾಕಿದೆ. ಅದೂ ಮುಗಿಯುವ ಮೊದಲೇ ಕರೆಂಟು ಹೋಯಿತು. ನನಗೆ ವಿಷಯ ಸ್ಪಷ್ಟವಾಯಿತು. ಈ ರೈಟರು ಈ ವೇಗದಲ್ಲಿ ಬರೆದರೆ, ಹೊಸಪೇಟೆಯ ಕರೆಂಟು ಇರುವ ಅವಧಿಯಲ್ಲಿ ಒಂದು ಮದುವೆ ಮುಗಿಯುವುದಿಲ್ಲ.

ಇಲ್ಲಿಂದ ನಾನು ವೈಜ್ಞಾನಿಕ ವಿಧಾನವನ್ನು ಅನುಸರಿಸಿದೆ. ಅಂದರೆ ಒಂದೊಂದೇ ಕಾರಣವನ್ನು ಹಿಡಿದು, ಪರೀಕ್ಷಿಸಿ, ಅಲ್ಲವೆಂದು ತೆಗೆದುಹಾಕುವುದು. ಲ್ಯಾಬಿನಲ್ಲಿ ಇದರಿಂದ ನನಗೆ ಒಳ್ಳೆಯ ಹೆಸರಿತ್ತು. ಮನೆಯಲ್ಲಿ ಇದ್ದ ಹೆಸರೂ ಇದರಿಂದಲೇ ಹೋಯಿತು.

ಮೊದಲು ಮಂಜಣ್ಣನ ಅಂಗಡಿಗೆ ಹೋದೆ.

"ಸರ್, ನೀವು ಲೋಕಲ್ ಡಿವಿಡಿ ಹಾಕೀರಿ. ಅವು ಸ್ಲೋನ ರೀ," ಎಂದ.

"ಅವನ್ನ ಕೊಟ್ಟಾವ್ರು ನೀವ ಅಲ್ಲೇನ್ರಿ?"

"ಹೌದ್ರಿ. ಕೊಟ್ಟಾಂವ ನಾನ. ಅದಕ್ಕ ಖಾತ್ರಿಯಿಂದ ಹೇಳಾಕ ಹತ್ತೀನಿ."

ಇಂಥ ನಿರ್ಲಜ್ಜ ಪ್ರಾಮಾಣಿಕತೆಯ ಮುಂದೆ ನಾನು ಸೋತು, ಅವನು ಹೇಳಿದ ಒಳ್ಳೆಯ ಜಾತಿಯ ಡಿವಿಡಿಗಳನ್ನು ಕೊಂಡು ತಂದೆ. ಅವು ಹೊಳಪಿನಲ್ಲಿ ಮುಂದಿದ್ದವು. ವೇಗದಲ್ಲಿ ಹಳೆಯವುಗಳ ಅಣ್ಣತಮ್ಮಂದಿರು.

ಎರಡನೆಯ ಕಾರಣವನ್ನು ನಮ್ಮ ಪಕ್ಕದ ಮನೆಯ ಪಂಪಣ್ಣ ಹುಡುಕಿಕೊಟ್ಟ. ಬಾಳೆ ಬೆಳೆಯುತ್ತಿದ್ದ ಪಂಪಣ್ಣ ಆ ವರ್ಷಗಳಲ್ಲಿ ಟಿಪ್ಪರುಗಳನ್ನು ಕೊಂಡು ಅದಿರು ಸಾಗಿಸಲು ಬಿಟ್ಟಿದ್ದ. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು. ಊರಿಡೀ ಕೆಂಪು ಧೂಳು ಎಬ್ಬಿಸುವವರೆಲ್ಲ ಬಿಳಿಯನ್ನೇ ಯಾಕೆ ಉಡುತ್ತಾರೋ ನನಗೆ ಇಂದಿಗೂ ತಿಳಿದಿಲ್ಲ. ಬಂದವನು ರೈಟರಿನ ಮೇಲೆ ಬೆರಳಾಡಿಸಿ, ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದ.

"ನೋಡ್ರಿ ಸರ್, ಮೈನಿಂಗ್ ಧೂಳು. ಲೆನ್ಸಿನಾಗ ಕುಂತೈತಿ. ಈ ಲಾರಿಯವ್ರು ಊರು ಹಾಳು ಮಾಡಿಬಿಟ್ರು ನೋಡ್ರಿ."

ಅವನ ಮುಖವನ್ನು ದಿಟ್ಟಿಸಿ ನೋಡಿದೆ. ಅವನು ತಮಾಷೆ ಮಾಡುತ್ತಿರಲಿಲ್ಲ.

ಆದರೂ ಮಾತಿನಲ್ಲಿ ತಥ್ಯವಿದೆ ಅನ್ನಿಸಿತು. ಲ್ಯಾಬಿನಿಂದ ಸ್ಪಿರಿಟ್ ತಂದು, ಹತ್ತಿಯಲ್ಲಿ ಅದ್ದಿ, ಲೆನ್ಸ್ ಒರೆಸಿದೆ. ಕೋಣೆಗೆ ಧೂಳು ಬರದಂತೆ ಕಿಟಕಿ ಬಾಗಿಲಿಗೆಲ್ಲ ಒದ್ದೆ ಸೀರೆಗಳನ್ನು ಕಟ್ಟಿದೆ. ಒಳಗೆ ಫ್ಯಾನು ಬಂದ್, ಧೂಳೆಬ್ಬಿಸುತ್ತದಲ್ಲ. ಬನಿಯನ್ ಹಾಕಿಕೊಂಡು, ಬೆವರು ಸುರಿಸುತ್ತ, ಹಸಿರು ಪಟ್ಟಿಯನ್ನು ನೋಡುತ್ತ ಕುಳಿತೆ. ಕಾಲೇಜಿನಿಂದ ಬಂದ ಗಿರಿಜಾ ಬಾಗಿಲಲ್ಲೇ ನಿಂತಳು.

"ರೀ, ಇದು ನನ್ನ ಇಳಕಲ್ ಸೀರಿ."

"ಧೂಳು ತಡೀತೈತಿ."

"ತಮ್ಮನ ಮದಿವ್ಯಾಗ ಉಟ್ಟ ಸೀರಿ ರೀ ಅದು."

"ಹಂಗಾರ ಅದರ ಸಲುವಾಗೇ ದುಡೀಲಿ ಬಿಡು. ಇದೂ ಅದ ಮದಿವಿನ ಅಲ್ಲೇನು?"

ಇದು ಚತುರ ಉತ್ತರವೆಂದು ನಾನು ಭಾವಿಸಿದ್ದೆ. ಆ ಸಂಜೆ ನನಗೆ ಚಹ ಬರಲಿಲ್ಲ. ಸೀರೆಯ ಕೆಂಪು ಸೆರಗು ಗೋಡೆಗೆ ಬಣ್ಣ ಬಿಟ್ಟಿತ್ತು. ಹಸಿರು ಪಟ್ಟಿ ಮಾತ್ರ ಉಗುರಿನ ಲೆಕ್ಕದಲ್ಲೇ ನಡೆಯಿತು.

ಮೂರನೆಯ ಕಾರಣ ನನ್ನದೇ ಶೋಧ: ವೋಲ್ಟೇಜು. ಆಚೆ ಉಕ್ಕಿನ ಕಾರ್ಖಾನೆ, ಈಚೆ ಗಣಿಗಳು. ಎಲ್ಲರೂ ಎಳೆದುಕೊಂಡು ಮಿಕ್ಕ ಕರೆಂಟು ತಾನೆ ನಮಗೆ ಬರುವುದು? ಹಾಗಾಗಿ ಮನೆಯಲ್ಲಿ ಬೇರೆ ಯಾವುದೂ ಕರೆಂಟು ಕುಡಿಯಬಾರದೆಂದು ಫ್ರಿಜ್ ಆರಿಸಿದೆ. ಮಿಕ್ಸಿ ಮುಟ್ಟಬಾರದೆಂದು ಆಜ್ಞೆ ಮಾಡಿದೆ. ಫ್ರಿಜ್ ಆರಿಸಿದ್ದನ್ನು ಮತ್ತೆ ಹಾಕಲು ಮರೆತೆ. ಮರುದಿನ ಬೆಳಿಗ್ಗೆ ಹಾಲು ಒಡೆದಿತ್ತು. ದೋಸೆಯ ಹಿಟ್ಟು ಉಬ್ಬಿ, ಪಾತ್ರೆಯ ಮುಚ್ಚಳ ಎತ್ತಿ, ಕೆಳಗಿನ ತರಕಾರಿಯ ಡಬ್ಬಿಗೆ ಇಳಿದಿತ್ತು. ಆ ಮನೆಯಲ್ಲಿ ವೇಗವಾಗಿ ಕೆಲಸ ಮಾಡಿದ್ದು ಅದೊಂದೇ.

ಅಷ್ಟರಲ್ಲಿ ಕಂಪ್ಲಿಯಿಂದ ಮಾವನವರ ಫೋನು ಬಂತು. ಅವರು ಅಲ್ಲಿ ರೈಸ್ ಮಿಲ್ಲು ನಡೆಸುತ್ತಿದ್ದರು. ಮಿಲ್ಲಿನ ಸದ್ದಿನ ನಡುವೆ ಮಾತಾಡಿ ರೂಢಿಯಾದ್ದರಿಂದ ಫೋನಿನಲ್ಲೂ ಅದೇ ಗಂಟಲು.

"ಅಳ್ಯಾರ, ಬರೂ ಐತ್ವಾರ ಸಂಡೂರು ಬೀಗರನ್ನ ಊಟಕ್ಕ ಕರದೀನಿ. ಹುಡುಗಿ ತಾಯಿ ತಂದಿ ಬರ್ತಾರ. ಎಲ್ಲಾರೂ ಕುಂತು ಮದಿವಿ ನೋಡೂದಂತ ಮಾಡೇವಿ. ಅವ್ವಗಂತೂ ಊಟ ಸೇರವಲ್ದು, ಅದ ಧ್ಯಾಸ. ಆಗ್ತೈತಲ್ಲ?"

"ಆಗಿ ಹೋಗೈತಿ ಮಾವಾರ," ಎಂದೆ. ನನ್ನ ನಾಲಿಗೆಗೆ ಅವಮಾನಕ್ಕಿಂತ ಸುಳ್ಳು ಹಗುರ.

ಈಗ ಪಂಪಣ್ಣ ಮತ್ತೆ ಬಂದ. ಧೂಳಿನ ಸಿದ್ಧಾಂತವನ್ನು ಅವನು ಬಿಟ್ಟಿರಲಿಲ್ಲ. "ಸರ್, ಮಲಪನಗುಡಿ ಹತ್ರ ನಮ್ಮ ತೋಟ ಐತಿ. ಲಾರಿ ಇಲ್ಲ, ಧೂಳಿಲ್ಲ. ಕಂಪ್ಯೂಟರ್ ಜೀಪಿನಾಗ ಹಾಕ್ಕೊಂಡು ಹೋಗೂಣು. ಬಾಳಿ ತ್ವಾಟದಾಗ ಕುಂತು ಆರಾಮ ರೈಟ್ ಮಾಡ್ರಿ."

ಇಂದು ಯೋಚಿಸಿದರೆ, ವಿಜ್ಞಾನದ ಪದವೀಧರನೊಬ್ಬ ಇದಕ್ಕೆ ಒಪ್ಪಲು ಏನಾದರೂ ಕಾರಣ ಇದ್ದೀತೇ ಎಂದು ಹುಡುಕುತ್ತೇನೆ, ಸಿಗುವುದಿಲ್ಲ. ಕಂಪ್ಯೂಟರು, ಪರದೆ, ರೈಟರು, ಯುಪಿಎಸ್ ಎಲ್ಲವನ್ನೂ ಕೌದಿಗಳಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಜೀಪಿನಲ್ಲಿ ಕುಳಿತೆ. ತೋಟದ ಮನೆಯಲ್ಲಿ ಗಾಳಿ ನಿಜಕ್ಕೂ ಸ್ವಚ್ಛವಾಗಿತ್ತು. ಬಾಳೆ ಎಲೆಗಳು ಹಸಿರಾಗಿ ತೂಗುತ್ತಿದ್ದವು. ಎಲ್ಲ ಜೋಡಿಸಿ, ಮತ್ತೆ ಎದ್ದ ಹಳದಿ ಗುಳ್ಳೆಯನ್ನು ಮುಚ್ಚಿ, ಬಟನ್ ಒತ್ತಿದೆ.

ಕರೆಂಟು ಹೋಯಿತು.

"ಓ, ಹೌದಲ," ಎಂದ ಪಂಪಣ್ಣ. "ಇಲ್ಲಿ ಹಗಲಿ ಇಷ್ಟೊತ್ತಿಗೆ ಕರೆಂಟ್ ತಗೀತಾರ್ರಿ. ಬೋರ್‌ವೆಲ್ಲಿಗೆ ರಾತ್ರಿ ಅಷ್ಟ ಕೊಡ್ತಾರ."

"ಮೊದ್ಲ ಹೇಳಾಕ ಬರ್ತಿದ್ದಿಲ್ಲೇನ್ರಿ ಪಂಪಣ್ಣಾರ?"

"ನೀವು ಧೂಳಿಂದ ಅಷ್ಟ ಕೇಳಿದ್ರಿ."

ಎಳನೀರು ಕುಡಿಸಿ, ಒಂದು ಗೊನೆ ಬಾಳೆಹಣ್ಣು ಜೀಪಿಗೆ ಹಾಕಿಸಿ ವಾಪಸು ಕರೆತಂದ. ಬರುವ ದಾರಿಯಲ್ಲಿ ಅದಿರಿನ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡೆವು. ಸಾಲು ಕದಲಲಿಲ್ಲ, ಧೂಳು ನಿಲ್ಲಲಿಲ್ಲ. ಧೂಳಿನಿಂದ ಪಾರಾಗಲೆಂದು ಮನೆಬಿಟ್ಟ ಕಂಪ್ಯೂಟರು, ಮನೆಗೆ ಮರಳಿದಾಗ ಕುಂಕುಮದ ಅಭಿಷೇಕ ಮಾಡಿಸಿಕೊಂಡಂತಿತ್ತು. ನಾನೂ ಹಾಗೇ ಇದ್ದೆ. ಬಾಗಿಲು ತೆಗೆದ ಗಿರಿಜಾ ಕಣ್ಣು ಕಿರಿದು ಮಾಡಿ ನೋಡಿ, "ಯಾರು ಬೇಕ್ರಿ?" ಎಂದಳು. ತಮಾಷೆಗೆ ಅಂದಳೋ ನಿಜಕ್ಕೂ ಗುರುತು ಸಿಗಲಿಲ್ಲವೋ ನಾನು ವಿಚಾರಿಸಲಿಲ್ಲ.

ಭಾನುವಾರಕ್ಕೆ ಇನ್ನು ನಡುವೆ ಒಂದೇ ದಿನ ಉಳಿದಿತ್ತು. ಶನಿವಾರ ಬೆಳಿಗ್ಗೆ ಎಲ್ಲವನ್ನೂ ಒರೆಸಿ ಮತ್ತೆ ಜೋಡಿಸಿ, ಮಾವನವರಿಗೆ ಯಾವ ನೆಪ ಹೇಳಲಿ ಎಂದು ಯೋಚಿಸುತ್ತ ಕೂತಿದ್ದೆ. ಗಿರಿಜಾ ಉಪ್ಪಿಟ್ಟಿನ ತಟ್ಟೆ ತಂದಿಟ್ಟಳು. ಇಟ್ಟವಳು ಹೋಗಲಿಲ್ಲ. ಅವಳಿಗೊಂದು ಚಟ, ಕಣ್ಣೆದುರು ಅಕ್ಷರ ಕಂಡರೆ ಓದಲೇಬೇಕು. ಶೇಂಗಾ ಕಟ್ಟಿಕೊಂಡು ಬಂದ ಕಾಗದವನ್ನೂ ಓದಿ ಮುಗಿಸಿಯೇ ಎಸೆಯುತ್ತಾಳೆ. ಪರದೆಯ ಮೂಲೆಯಲ್ಲಿ ಗುಳ್ಳೆ ಎದ್ದಿತು. ಮುಚ್ಚಲು ನಾನು ಮೌಸ್ ಎಳೆದೆ.

"ತಡೀರಿ, ಓದಾಕ ಹತ್ತೀನಿ."

"ಅದೇನು ಓದ್ತೀ, ದಿನಾ ಬರ್ತತಿ ಅದು."

"ದಿನಾ ಬರ್ತತೇನ್ರಿ?" ಅವಳು ಬಗ್ಗಿ ಓದಿದಳು. ಆಮೇಲೆ ನಿಧಾನವಾಗಿ ನೆಟ್ಟಗೆ ನಿಂತಳು. "ನೀವು ಇದನ್ನ ಸ್ಲೋ ಇರೂ ಪೋರ್ಟಿಗೆ ಹಾಕೀರಂತ. ಫಾಸ್ಟ್ ಇರೂ ಪೋರ್ಟಿಗೆ ಹಾಕಿದ್ರ ಜೋರು ಓಡ್ತತಂತ. ಇಲ್ಲೇ ಬರದೈತಲ್ರಿ."

ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ಆ ಗುಳ್ಳೆಯನ್ನು ಮೊದಲ ಸಲ ಓದಿದೆ.

ಲ್ಯಾಬಿನಲ್ಲಿದ್ದಾಗ ಯಾರೋ ಆ ಕಂಪ್ಯೂಟರಿಗೆ ಒಂದು ಹೊಸ ಕಾರ್ಡು ಹಾಕಿಸಿದ್ದರು. ವೇಗದ ಪೋರ್ಟುಗಳು ಅದರಲ್ಲಿದ್ದವು. ಅದು ಹಿಂದುಗಡೆ ಇತ್ತು. ಮುಂದಿನವು ಹಳೆಯವು. ಎತ್ತಿನ ಗಾಡಿ ಹೋಗುವ ದಾರಿಯಲ್ಲಿ ನಾನು ರೈಲು ಬಿಟ್ಟು, ಗಾಳಿ, ನೀರು, ಧೂಳು, ಕರೆಂಟು ಎಲ್ಲವನ್ನೂ ಬೈದಿದ್ದೆ. ಕಂಪ್ಯೂಟರು ಪ್ರತಿಸಲವೂ ಮರ್ಯಾದೆಯಿಂದ ತಿಳಿಸಿತ್ತು, ಪ್ರತಿಸಲವೂ ಅದರ ಬಾಯಿ ಮುಚ್ಚಿಸಿದ್ದೆ. ಅಂತೂ ಮೇಜು ಎಳೆದು, ತೂರಿ, ಬಗ್ಗಿ, ತಲೆಯನ್ನು ಒಮ್ಮೆ ಮೇಜಿಗೆ ಹೊಡೆಸಿಕೊಂಡು ವೈರನ್ನು ಹಿಂದೆ ಚುಚ್ಚಿದೆ.

ಹಸಿರು ಪಟ್ಟಿ ಓಡಿತು. ಓಡಿತೆಂದರೆ, ಹರಿದುಕೊಂಡು ಹೋಯಿತು. ಚಹ ಕುಡಿಯುವುದಿರಲಿ, ಸಕ್ಕರೆ ಕದಡುವುದರಲ್ಲಿ ಅರ್ಧ ಮದುವೆ ಮುಗಿದಿತ್ತು.

ಸಭ್ಯನಾದವನು ಇಲ್ಲಿಗೆ ಹೆಂಡತಿಗೆ ಒಂದು ಮಾತು ಹೇಳಿ ಸುಮ್ಮನಾಗುತ್ತಿದ್ದ. ನಾನು ವೇಗದ ಅಮಲಿಗೆ ಬಿದ್ದೆ. ಪ್ರೋಗ್ರಾಮಿನಲ್ಲಿ ಬರೆಯುವ ವೇಗವನ್ನು ಆರಿಸಲು ಒಂದು ಪಟ್ಟಿ ಇತ್ತು. ಅತಿ ಹೆಚ್ಚಿನದನ್ನು ಆರಿಸಿದೆ. ಬರೆದ ಮೇಲೆ ಸರಿಯಾಗಿದೆಯೇ ಎಂದು ಪರೀಕ್ಷಿಸಲೇ ಎಂದು ಅದು ಕೇಳಿತು. ಬೇಡವೆಂದೆ. ಅನುಮಾನ ಇರುವವರು ಪರೀಕ್ಷಿಸಲಿ. ಬೀಗರಿಗೆ, ನಂಟರಿಗೆ, ಪಂಪಣ್ಣನಿಗೆ ಕೂಡ ಡಿವಿಡಿ ಮಾಡಿ ಪೇರಿಸಿಟ್ಟೆ. ರೈಟರಿನಿಂದ ಅವು ಹಂಚಿನಿಂದ ದೋಸೆ ಬಂದಂತೆ ಬಿಸಿಬಿಸಿಯಾಗಿ ಬರುತ್ತಿದ್ದವು.

"ಒಂದರ ಹಾಕಿ ನೋಡ್ರಿ," ಎಂದಳು ಗಿರಿಜಾ.

ಒಂದನ್ನು ಕಂಪ್ಯೂಟರಿನಲ್ಲೇ ಹಾಕಿ ತೋರಿಸಿದೆ. ಚೆನ್ನಾಗಿ ಓಡಿತು. ಅವಳನ್ನು ನೋಡಿ ಹುಬ್ಬು ಹಾರಿಸಿದೆ. ಕಂಪ್ಲಿಯ ಟಿವಿಗೆ ಇರುವ ಡಿವಿಡಿ ಪ್ಲೇಯರು ಬೇರೆಯೇ ಪ್ರಾಣಿ ಎಂಬುದು ಹುಬ್ಬಿಗೆ ತಿಳಿದಿರಲಿಲ್ಲ.

ಭಾನುವಾರ ಕಂಪ್ಲಿಯ ಮನೆಯ ಪಡಸಾಲೆಯಲ್ಲಿ ಊಟವಾದ ಮೇಲೆ ಎಲ್ಲರೂ ಸೇರಿದರು. ಸಂಡೂರಿನ ಬೀಗರಿಗೆ ಕುರ್ಚಿ, ಉಳಿದವರಿಗೆ ಜಮಖಾನೆ. ಅಜ್ಜಿಗೆ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದರು. ಮದುವೆಗೆಂದು ತಂದಿಟ್ಟಿದ್ದ, ಉಡಲಾಗದೇ ಉಳಿದ ಹೊಸ ಸೀರೆಯನ್ನು ಆಕೆ ಅಂದು ಉಟ್ಟಿದ್ದಳು. ಅದನ್ನು ನೋಡಿ ಗಿರಿಜಾ ಕಣ್ಣೊರೆಸಿಕೊಂಡಳು. ನಾನು ಎದ್ದು ನಿಂತು, ಇದರಲ್ಲಿ ಹಂಸ, ಗುಲಾಬಿ ಇತ್ಯಾದಿ ಅಸಂಬದ್ಧಗಳು ಇಲ್ಲವೆಂದೂ, ಇದೊಂದು ಅಭಿರುಚಿಯ ಕೃತಿಯೆಂದೂ ಸಣ್ಣ ಭಾಷಣ ಮಾಡಿ ಬಟನ್ ಒತ್ತಿದೆ.

ಮಂಟಪ ಬಂತು. ವಾದ್ಯ ಬಂತು. ಬಸವರಾಜ ಬಂದ. "ಬಂಗಾರದಂಥಾ ಹುಡುಗ," ಎಂದು ಅಜ್ಜಿ ಗಾಳಿಯಲ್ಲೇ ದೃಷ್ಟಿ ತೆಗೆದಳು. ಮದುಮಗಳು ಬಂದಳು. ವಾದ್ಯ ಜೋರಾಯಿತು. ಬಸವರಾಜ ಎರಡೂ ಕೈಯಲ್ಲಿ ತಾಳಿ ಹಿಡಿದು ಬಗ್ಗಿದ. ಅಕ್ಷತೆ ಹಾರಿತು.

ಹಾರಿದ ಅಕ್ಷತೆ ಗಾಳಿಯಲ್ಲೇ ನಿಂತಿತು. ಬಸವರಾಜನ ಕೈಯೂ ನಿಂತಿತು. ಮದುಮಗಳ ಮುಖ ಚೌಕ ಚೌಕವಾಗಿ ಒಡೆದು, ಮೂಗು ಒಂದು ಕಡೆ, ಬೈತಲೆ ಇನ್ನೊಂದು ಕಡೆ ಆಯಿತು. ವಾದ್ಯದ ಕಡೆಯ ದನಿ 'ಡುರ್‌ರ್‌ರ್' ಎಂದು ಒಂದೇ ಕಡೆ ಅರೆಯತೊಡಗಿತು.

ಸಂಡೂರಿನ ಬೀಗಿತ್ತಿ ಗಂಡನ ಮುಖ ನೋಡಿದರು.

"ಯಾಕ ನಿಂತ ಅಂವ?" ಅಜ್ಜಿ ಕೇಳಿದಳು. "ಗಂಟು ಹಾಕಾಕ ಬರವಲ್ದೇನು?"

"ಅಜ್ಜಿ, ನಾ ಕಟ್ಟೀನಿ," ಎಂದ ಬಸವರಾಜ, ಪಕ್ಕದಲ್ಲೇ ಕೂತಿದ್ದವನು.

"ಎಲ್ಲಿ ಕಟ್ಟೀದಿ? ಹಿಡ್ಕೊಂಡು ನಿಂತೀದಿ ನೋಡಲ್ಲಿ."

ಮದುಮಗಳು ಮೆಲ್ಲಗೆ ಎದ್ದು ಬಂದು, ಕೊರಳಿನ ತಾಳಿಯನ್ನು ಎತ್ತಿ ತೋರಿಸಿದಳು. "ಇಲ್ಲಿ ನೋಡ್ರಿ ಅಜ್ಜಿ."

ಅಜ್ಜಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಇದು ಖರೆ ಐತವ್ವ. ಆದ್ರ ಟಿವಿಯಾಗ ಇನ್ನೂ ಆಗವಲ್ದಲ್ಲ. ನಾ ನೋಡಬೇಕಂತಿದ್ದದ್ದು ಅದನ್ನ."

ಇನ್ನೊಂದು ಡಿವಿಡಿ ಹಾಕಿದೆ. ಅದು ಮಂಟಪಕ್ಕೇ ಬರಲಿಲ್ಲ. ಮತ್ತೊಂದರಲ್ಲಿ ಮಂತ್ರ ಹೇಳುತ್ತಿದ್ದ ಐನೋರು ಆಕಳಿಸಲು ಬಾಯಿ ತೆರೆದವರು ಮುಚ್ಚಲಿಲ್ಲ. ಇನ್ನೊಂದನ್ನು ಪ್ಲೇಯರು ಒಳಗೆಳೆದುಕೊಂಡು, ಸ್ವಲ್ಪ ಗೊರಗುಟ್ಟಿ, ಹೊರಗೆ ಉಗುಳಿತು. ಪೇರಿಸಿ ತಂದದ್ದನ್ನೆಲ್ಲ ಹಾಕಿ ನೋಡಿದೆ. ಯಾವುದರಲ್ಲೂ ಬಸವರಾಜನ ಮದುವೆ ಆಗಲಿಲ್ಲ.

"ಪ್ಲೇಯರ್ ಹಳೇದಾಗೈತಿ ಮಾವಾರ," ಎಂದೆ.

ಮಾವನವರು ಎದ್ದು ಬಂದು ಟಿವಿಯ ಮೇಲಿನ ಪುಡಿಪುಡಿ ಚಿತ್ರವನ್ನು ಹತ್ತಿರದಿಂದ ನೋಡಿದರು. ಅಕ್ಕಿಯ ಚೀಲಕ್ಕೆ ಕೈ ಹಾಕಿ ನೋಡುವ ಮುಖ ಅದು.

"ಅಳ್ಯಾರ, ಇದನ್ನ ಮಾಡೂ ಮುಂದ ಮಷೀನು ಎಷ್ಟು ಜೋರು ಬಿಟ್ಟಿದ್ರಿ?"

"ಎಷ್ಟು ಹೋಗ್ತತೋ ಅಷ್ಟು."

"ಅದ ಮತ್ತ. ಮಿಲ್ಲಿನಾಗ ಭತ್ತ ಸುಲಿಯೂ ಹಲ್ಲರ್ ಭಾಳ ಜೋರು ಬಿಟ್ರ ಅಕ್ಕಿ ನುಚ್ಚಾಗ್ತತಿ. ನೀವು ಮದಿವೀನ ನುಚ್ಚು ಮಾಡೀರಿ. ಸ್ವಲ್ಪ ಸಾವಕಾಶ ಬಿಟ್ಟು ನೋಡ್ರಿ."

ಭತ್ತ ಕುಟ್ಟುವುದಕ್ಕೂ ಲೇಸರ್ ಕಿರಣಕ್ಕೂ ಏನು ಸಂಬಂಧ ಎಂದು ನಗಬೇಕೆಂದುಕೊಂಡೆ. ಆದರೆ ಆ ಕೋಣೆಯಲ್ಲಿ ನಗುವ ಹಕ್ಕು ಆ ಹೊತ್ತಿಗೆ ನನಗಿರಲಿಲ್ಲ. ಬೀಗರು ಸಂಜೆಯವರೆಗೆ ಇರಲು ಒಪ್ಪಿದರು. ಬಸವರಾಜನ ಬೈಕಿನ ಹಿಂದೆ ಕೂತು ಹೊಸಪೇಟೆಗೆ ಬಂದೆ. ದಾರಿಯುದ್ದಕ್ಕೂ ಅವನು ಒಂದು ಮಾತೂ ಆಡಲಿಲ್ಲ. ತಾಳಿ ಕಟ್ಟಲಾಗದ ಮದುಮಗನೆಂದು ಬೀಗರೆದುರು ನಿಂತವನು ಭಾವನೊಂದಿಗೆ ಆಡುವ ಮಾತಾದರೂ ಯಾವುದಿರುತ್ತದೆ?

ಹೊಸ ಡಿವಿಡಿ ಹಾಕಿದೆ. ವೇಗದ ಪಟ್ಟಿ ತೆರೆದು, ಕೆಳಕ್ಕೆ, ಇನ್ನೂ ಕೆಳಕ್ಕೆ ಹೋಗಿ, ಇದ್ದುದರಲ್ಲೇ ಅತಿ ನಿಧಾನದ್ದನ್ನು ಆರಿಸಿದೆ. ಅಷ್ಟು ದಿನ ಯಾವುದರಿಂದ ಪಾರಾಗಲು ಹೆಂಡತಿಯ ಸೀರೆ, ದೋಸೆ ಹಿಟ್ಟು, ನನ್ನ ಮಾನ ಎಲ್ಲವನ್ನೂ ಒತ್ತೆಯಿಟ್ಟಿದ್ದೆನೋ, ಅದನ್ನು ನಾನೇ ಕೈಯಾರೆ ಬೇಡಿ ಪಡೆದೆ. ಹಸಿರು ಪಟ್ಟಿ ತೆವಳಿತು. ನಾನೂ ಬಸವರಾಜನೂ ಪಟ್ಟಿಯನ್ನೊಮ್ಮೆ, ಉರಿಯುತ್ತಿದ್ದ ಬಲ್ಬನ್ನೊಮ್ಮೆ ನೋಡುತ್ತ ಕೂತೆವು. ಕರೆಂಟು ಹೋಗಲಿಲ್ಲ. ಯಾಕೆ ಹೋಗಲಿಲ್ಲವೋ ನನಗೆ ಗೊತ್ತಿಲ್ಲ. ನನ್ನ ಯೋಗ್ಯತೆಯಿಂದಲ್ಲ ಎಂಬುದು ಮಾತ್ರ ಖಚಿತ.

ದೀಪ ಹಚ್ಚುವ ಹೊತ್ತಿಗೆ ಕಂಪ್ಲಿ ಸೇರಿದೆವು. ಈ ಸಲ ನಾನು ಭಾಷಣ ಮಾಡಲಿಲ್ಲ. ಮಂಟಪ ಬಂತು, ವಾದ್ಯ ಬಂತು, ಬಸವರಾಜ ಬಗ್ಗಿದ, ಅಕ್ಷತೆ ಹಾರಿತು. ತಲೆಗಳ ಮೇಲೆ ಬಿತ್ತು ಕೂಡ. ತಾಳಿಗೆ ಗಂಟು ಬಿತ್ತು. ಅಜ್ಜಿ ಮಡಿಲಲ್ಲಿಟ್ಟುಕೊಂಡಿದ್ದ ನಾಲ್ಕು ಕಾಳು ಅಕ್ಕಿಯನ್ನು ಟಿವಿಯ ಕಡೆ ಎಸೆದು, ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಬೀಗಿತ್ತಿ ಉಸಿರು ಬಿಟ್ಟರು. ಮಾವನವರು ನನ್ನ ಕಡೆ ನೋಡಿ, "ಈಗ ನೋಡ್ರಿ, ಇಡಿ ಅಕ್ಕಿ," ಎಂದರು.

ಏನೇ ಆಗಲಿ, ಇದು ನಾನು ಮಾಡಿದ ಡಿವಿಡಿ. ಮೆಚ್ಚುಗೆಯ ಒಂದು 'ಶಹಬ್ಬಾಸ್' ಈಗ ಬಂದೇ ಬರುತ್ತದೆಂದು ಅಜ್ಜಿಯ ಮಂಚದ ಪಕ್ಕಕ್ಕೆ ಸರಿದು ಕೂತೆ. ಪರದೆಯ ಮೇಲೆ ಎಲ್ಲರೂ ವೇದಿಕೆ ಹತ್ತಿ ಫೋಟೋಗೆ ನಿಲ್ಲುತ್ತಿದ್ದರು. ಅಜ್ಜಿ ಇದ್ದಕ್ಕಿದ್ದಂತೆ ಮುಂದಕ್ಕೆ ಬಗ್ಗಿ, ಮದುಮಕ್ಕಳ ಪಕ್ಕ ನಿಂತವನೊಬ್ಬನ ಕಡೆ ಬೆರಳು ಮಾಡಿದಳು.

"ಗಿರಿಜಾ, ಎಲ್ಲಾರೂ ನಗಾಕ ಹತ್ಯಾರ. ಅಂವ ಯಾವನವ್ವ, ಮಾರಿ ಗಂಟು ಹಾಕ್ಕೊಂಡು ನಿಂತಾನ?"

ಗಿರಿಜಾ ನನ್ನನ್ನು ನೋಡಲಿಲ್ಲ. "ಅಜ್ಜಿ, ಅವ್ರು ನಮ್ಮ ಮನ್ಯಾರು."

"ಹೌದೇನು?" ಅಜ್ಜಿ ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದಳು. "ನಾ ಅಡಿಗಿ ಗುತ್ತಿಗಿ ಹಿಡದಾಂವ ಅನಕೊಂಡಿದ್ದೆ. ಸಾರು ಸಾಲದ ಬಂದೈತೇನೋ, ಅದಕ್ಕ ಮಾರಿ ಹಂಗ ಮಾಡ್ಯಾನ ಅಂತ."